ಕಲಿತು ಹೋದವಳು, ಕಲಿಯದ ಮನೆ

ಶ್ರೀಲಂಕಾದ ಪೂರ್ವ ಕರಾವಳಿಯ ಮುತ್ತೂರಿನಿಂದ ರಿಜಾನಾ ನಫೀಕ್ ಎಂಬ ಹುಡುಗಿ 2005ರ ಮೇ ತಿಂಗಳಲ್ಲಿ ಮನೆಗೆಲಸಕ್ಕೆಂದು ಸೌದಿ ಅರೇಬಿಯಾಕ್ಕೆ ಹೋದಳು. ಪಾಸ್‌ಪೋರ್ಟಿನಲ್ಲಿ ಅವಳ ವಯಸ್ಸು 23, ನಿಜವಾದ ವಯಸ್ಸು 17. ಹೋದ ತಿಂಗಳೊಳಗೇ ಅವಳ ಕೈಗೆ ಒಪ್ಪಿಸಿದ್ದ ನಾಲ್ಕು ತಿಂಗಳ ಮಗು ಸತ್ತುಹೋಯಿತು. ಬಾಟಲಿ ಹಾಲು ಕುಡಿಸುವಾಗ ಉಸಿರು ಕಟ್ಟಿತು ಎಂದು ಅವಳು ಹೇಳಿದಳು. ಅವಳೇ ಕೊಂದಳು ಎಂದು ಮನೆಯವರು ಆರೋಪಿಸಿದರು. ತಪ್ಪೊಪ್ಪಿಗೆ ಬರೆಸಿಕೊಳ್ಳುವಾಗ ಪಕ್ಕದಲ್ಲಿ ವಕೀಲರಿರಲಿಲ್ಲ, ಅವಳ ಮಾತನ್ನು ಸರಿಯಾಗಿ ದಾಟಿಸಬಲ್ಲ ದುಭಾಷಿಯೂ ಇರಲಿಲ್ಲ. 2007ರಲ್ಲಿ ಮರಣದಂಡನೆ ವಿಧಿಸಿದರು, 2013ರ ಜನವರಿ 9ರಂದು ತಲೆ ಕಡಿದರು. ಆಮೇಲೆ ಶ್ರೀಲಂಕಾ ಸರ್ಕಾರ ಸೌದಿಗೆ ಮನೆಗೆಲಸಕ್ಕೆ ಹೋಗುವವರ ಕನಿಷ್ಠ ವಯಸ್ಸನ್ನು 25ಕ್ಕೆ ಏರಿಸಿತು. ಹೊರಡುವ ಮುಂಚಿನ ತರಬೇತಿ ಎಷ್ಟು ಮುಖ್ಯ ಎಂಬ ಮಾತು ಎಲ್ಲ ಕಡೆ ಕೇಳಿಬಂತು. ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸಬೇಕು, ಉಸಿರು ಸಿಕ್ಕಿಕೊಂಡರೆ ತಲೆ ಕೆಳಗಾಗುವಂತೆ ತೋಳಿನ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ತಟ್ಟಬೇಕು ಎಂದು ಯಾರಾದರೂ ಅವಳಿಗೆ ಕಲಿಸಿದ್ದರೆ ಎಂಬುದು ನಿಜಕ್ಕೂ ಕೇಳಬೇಕಾದ ಪ್ರಶ್ನೆ. ಅದರಷ್ಟೇ ದೊಡ್ಡ ಇನ್ನೊಂದು ಪ್ರಶ್ನೆಯೂ ಇದೆ. ಮನೆಗೆಲಸಕ್ಕೆಂದು ಕರೆಸಿಕೊಂಡ, ಭಾಷೆ ಬಾರದ ಹುಡುಗಿಯ ಕೈಗೆ ಹಸುಗೂಸನ್ನು ಒಪ್ಪಿಸಬಾರದು ಎಂದು ಆ ಮನೆಗೆ ಕಲಿಸಬೇಕಾಗಿದ್ದವರು ಯಾರು? ಮೊದಲ ಪ್ರಶ್ನೆಗೆ ಉತ್ತರವಾಗಿ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಉದ್ದಕ್ಕೂ ತರಬೇತಿ ಕೇಂದ್ರಗಳು ಎದ್ದಿವೆ. ಎರಡನೆಯದನ್ನು ಕೇಳಿಕೊಂಡ ಸರ್ಕಾರಗಳು ತೀರ ಕಡಿಮೆ. ಗಡಿ ದಾಟಿ ಮನೆಗೆಲಸಕ್ಕೆ, ಆರೈಕೆಗೆ ಹೋಗುವ ಹೆಂಗಸರಿಗೆ ತರಬೇತಿ ಬೇಕೇ ಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಕಲಿತದ್ದಕ್ಕೆ ಸಂಬಳದಲ್ಲಿ ಬೆಲೆ ಸಿಗದಿದ್ದರೆ, ಕಲಿಕೆಯ ಖರ್ಚು ಕಲಿಯುವವಳ ತಲೆಗೇ ಬಿದ್ದರೆ, ಕೆಲಸಕ್ಕೆ ಇಟ್ಟುಕೊಳ್ಳುವ ಮನೆ ಏನನ್ನೂ ಕಲಿಯದೆ ಉಳಿದರೆ, ಆ ತರಬೇತಿ ಅವಳನ್ನು ಕಾಪಾಡುವುದಿಲ್ಲ. ಆಗುವ ಅನಾಹುತಕ್ಕೆಲ್ಲ ಅವಳನ್ನೇ ಹೊಣೆ ಮಾಡಲು ಇನ್ನೊಂದು ನೆಪವಾಗುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ ಮನೆಗೆಲಸವನ್ನು ನೆಚ್ಚಿ ಬದುಕುವವರು 7.56 ಕೋಟಿ ಮಂದಿ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ತಮ್ಮ ದೇಶ ಬಿಟ್ಟು ಪರದೇಶದ ಮನೆಗಳಲ್ಲಿ ದುಡಿಯುವವರು ಸುಮಾರು 1.15 ಕೋಟಿ ಎಂದು ಅದೇ ಸಂಸ್ಥೆ 2015ರಲ್ಲಿ ಅಂದಾಜು ಮಾಡಿತ್ತು. ಈ ಹೆಂಗಸರನ್ನು ಕಳಿಸುವ ದೇಶಗಳಲ್ಲಿ ತರಬೇತಿ ಈಗ ಸರ್ಕಾರದ್ದೇ ಒಂದು ವ್ಯವಸ್ಥೆ. ಶ್ರೀಲಂಕಾದಲ್ಲಿ 1985ರ ಕಾಯ್ದೆಯಡಿ ಹುಟ್ಟಿದ ವಿದೇಶಿ ಉದ್ಯೋಗ ಬ್ಯೂರೊ ವಾರಗಟ್ಟಲೆ ಶಿಬಿರ ನಡೆಸುತ್ತದೆ. ಬಾಂಗ್ಲಾದೇಶದಲ್ಲಿ ಸರ್ಕಾರಿ ತಾಂತ್ರಿಕ ಕೇಂದ್ರಗಳಲ್ಲಿ ಕೋರ್ಸು ಮುಗಿಸಬೇಕು. ಫಿಲಿಪ್ಪೀನ್ಸ್‌ನಲ್ಲಿ ಮನೆಗೆಲಸದ ಪ್ರಮಾಣಪತ್ರಕ್ಕೆ ಇನ್ನೂರಕ್ಕೂ ಹೆಚ್ಚು ಗಂಟೆಗಳ ಪಾಠವಿದೆ, ಕೇರ್‌ಗಿವರ್ ಕೋರ್ಸು ಬಹುಕಾಲ 786 ಗಂಟೆಯದಾಗಿತ್ತು. ಒಂದು ಮಾದರಿ ಅಡುಗೆಮನೆ, ಒಂದು ಮಾದರಿ ಬಚ್ಚಲು, ಮಂಚ, ಇಸ್ತ್ರಿ ಮೇಜು, ತೊಟ್ಟಿಲಲ್ಲಿ ರಬ್ಬರಿನ ಗೊಂಬೆ ಇರುತ್ತವೆ. ಬಟ್ಟೆಯ ಬಗೆ ನೋಡಿ ಇಸ್ತ್ರಿಯ ಬಿಸಿ ಹೊಂದಿಸುವುದು, ವಾಷಿಂಗ್ ಮಷೀನು, ಓವನ್ನು, ಗ್ಯಾಸಿನ ಸೋರಿಕೆ, ಬ್ಲೀಚಿಗೆ ಆ್ಯಸಿಡ್ ಬೆರೆಸಿದರೆ ಏಳುವ ವಿಷದ ಹೊಗೆ, ಅರಬ್ಬಿಯಲ್ಲೋ ಕ್ಯಾಂಟನೀಸ್‌ನಲ್ಲೋ ನೂರಿನ್ನೂರು ಮಾತು, ಇಷ್ಟು ಪಾಠ. ಮಗ್ಗುಲ ಕೊಠಡಿಯಲ್ಲಿ ಒಂದೆರಡು ಗಂಟೆ ಕರಾರು, ಹಕ್ಕು, ರಾಯಭಾರ ಕಚೇರಿಯ ಫೋನ್ ನಂಬರು.

ಇದಕ್ಕೆಲ್ಲ ತರಬೇತಿ ಯಾಕೆ, ಮನೆಗೆಲಸ ಹೆಣ್ಣಿಗೆ ಹುಟ್ಟಿನಿಂದಲೇ ಬರುತ್ತದಲ್ಲ ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರಿಗೆ ಉತ್ತರ ಹಾಸಿಗೆ ಹಿಡಿದ ಒಬ್ಬ ಮುದುಕರ ಕೋಣೆಯಲ್ಲಿದೆ. ಅಲುಗಾಡಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಬೆನ್ನ ಬುಡದಲ್ಲಿ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ, ಕೆಲವೇ ದಿನಗಳಲ್ಲಿ ಹುಣ್ಣಾಗಿ, ಎಲುಬಿನವರೆಗೆ ಕೊರೆಯುತ್ತದೆ. ಪಾರ್ಶ್ವವಾಯು ಬಡಿದವರಿಗೆ ತೆಳ್ಳಗಿನ ನೀರೇ ಅಪಾಯ, ಅದು ಅನ್ನನಾಳ ಬಿಟ್ಟು ಶ್ವಾಸಕೋಶಕ್ಕೆ ಇಳಿಯಬಹುದು. ಆದ್ದರಿಂದ ಅವರನ್ನು ನೆಟ್ಟಗೆ ಕೂರಿಸಿ, ಚಮಚ ಚಮಚವಾಗಿ ಉಣಿಸಿ, ಉಂಡ ಮೇಲೂ ಅರ್ಧ ಗಂಟೆ ಮಲಗಿಸದೆ ಇರಬೇಕು. ಮೂತ್ರದ ಚೀಲ ಸದಾ ಸೊಂಟಕ್ಕಿಂತ ಕೆಳಗಿರಬೇಕು. ಇನ್ಸುಲಿನ್ ಚುಚ್ಚಿಸಿಕೊಂಡ ಅಜ್ಜಿ ಬೆವತು ತೊದಲತೊಡಗಿದರೆ ಅದು ನಿದ್ದೆಯ ಮಂಪರಲ್ಲ, ಸಕ್ಕರೆ ಇಳಿದಿದೆ, ತಕ್ಷಣ ಸಿಹಿ ಕೊಡಬೇಕು. ಮರೆವಿನ ಕಾಯಿಲೆಯವರು ಸಂಜೆಯಾಗುತ್ತಲೇ ‘ನನ್ನನ್ನು ಮನೆಗೆ ಕಳಿಸು’ ಎಂದು ಹಟ ಹಿಡಿದಾಗ ಇದೇ ನಿಮ್ಮ ಮನೆ ಎಂದು ವಾದಿಸಿದರೆ ರಂಪವಾಗುತ್ತದೆ. ಮಾತನ್ನು ಬೇರೆ ಕಡೆ ಹೊರಳಿಸಿದರೆ ಶಾಂತವಾಗುತ್ತಾರೆ. ತನಗಿಂತ ತೂಕದ ದೇಹವನ್ನು ಸೊಂಟ ಬಗ್ಗಿಸಿ ಎತ್ತಿದರೆ ಎತ್ತುವವಳ ಬೆನ್ನೇ ಹೋಗುತ್ತದೆ, ಮೊಣಕಾಲು ಬಗ್ಗಿಸಿ ಎತ್ತಬೇಕು. ಇವುಗಳಲ್ಲಿ ಒಂದಾದರೂ ಹೆಣ್ಣಿನ ರಕ್ತದಲ್ಲಿ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಸೊಸೆಯಂದಿರು, ಮದುವೆಯಾಗದ ಮಗಳು, ದೂರದ ಸಂಬಂಧದ ವಿಧವೆ ಅತ್ತೆ ಇದನ್ನೆಲ್ಲ ಬಿಟ್ಟಿಯಾಗಿ, ತಪ್ಪು ಮಾಡುತ್ತ ಕಲಿಯುತ್ತ ಮಾಡಿಕೊಂಡು ಬಂದದ್ದರಿಂದ ಇದೊಂದು ವಿದ್ಯೆ ಎಂದು ನಮಗೆ ಅನಿಸಲೇ ಇಲ್ಲ. ಸಂಬಳ ಕೊಡುವ ಹೊತ್ತಿಗೂ ಅದೇ ಭಾವನೆ ಅಡ್ಡ ಬರುತ್ತದೆ. ತರಬೇತಿ ಕೋರ್ಸುಗಳ ಮೊದಲ ಉಪಕಾರವೆಂದರೆ ಈ ಕೆಲಸವನ್ನು ಕೆಲಸವೆಂದು, ಅದಕ್ಕೊಂದು ಪಠ್ಯಕ್ರಮ, ಅಳತೆ, ಪರೀಕ್ಷೆ ಇರಬಲ್ಲದೆಂದು ತೋರಿಸಿದ್ದು.

ಇಷ್ಟು ಒಪ್ಪಿಕೊಂಡ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಯಜಮಾನರಿಗೆ ಕಲಿಸುವ ವಿಷಯದಲ್ಲಿ ಸಿಂಗಪುರ ಉಳಿದ ದೇಶಗಳಿಗಿಂತ ಮುಂದಿದೆ. ಮೊದಲ ಸಲ ಮನೆಗೆಲಸದವರನ್ನು ಇಟ್ಟುಕೊಳ್ಳುವ ಯಜಮಾನರಿಗೂ 2004ರಿಂದ ಅಲ್ಲಿ ಒಂದು ಕಡ್ಡಾಯ ಪಾಠವಿದೆ. ಅದರ ಅವಧಿ ಮೂರು ಗಂಟೆ. ಬೇರೆಯವರ ಮನೆಗೆ ಹೊಂದಿಕೊಳ್ಳಲು ಅವಳಿಗೆ ವಾರಗಟ್ಟಲೆ, ಮನುಷ್ಯಳೊಬ್ಬಳನ್ನು ಮನೆಯಲ್ಲಿ ಇಟ್ಟುಕೊಂಡು ದುಡಿಸಿಕೊಳ್ಳುವುದು ಹೇಗೆಂದು ತಿಳಿಯಲು ಇವರಿಗೆ ಮೂರು ತಾಸು. ಕೊಲ್ಲಿಯ ಬಹುಪಾಲು ಮನೆಗಳಿಗೆ ಅಷ್ಟೂ ಇಲ್ಲ. ಅದೇ ಸಿಂಗಪುರದ ಬಹುಮಹಡಿ ಕಟ್ಟಡಗಳಲ್ಲಿ ಕಿಟಕಿಯ ಹೊರಮೈ ಒರೆಸಲು ಹೋಗಿ ಹೆಂಗಸರು ಬಿದ್ದು ಸಾಯುತ್ತಿದ್ದರು. ಹೊಸದಾಗಿ ಬಂದವರಿಗೆ 2012ರಲ್ಲಿ ಆರಂಭಿಸಿದ ಒಂದು ದಿನದ ಪರಿಚಯ ಶಿಬಿರದಲ್ಲಿ ಎತ್ತರದಲ್ಲಿ ಹೇಗೆ ಎಚ್ಚರದಿಂದಿರಬೇಕೆಂದು ಹೇಳಿಕೊಡುವ ಏರ್ಪಾಡಾಯಿತು. ಆದರೆ ಹತ್ತನೆಯ ಮಹಡಿಯ ಕಿಟಕಿ ಹತ್ತು ಎಂದು ಒಡತಿ ಹೇಳಿದಾಗ, ಕೆಲಸದ ಪರವಾನಗಿ ಒಡತಿಯ ಕೈಯಲ್ಲೇ ಇರುವಾಗ, ಶಿಬಿರದಲ್ಲಿ ಹೀಗೆ ಹೇಳಿಲ್ಲ ಎನ್ನುವ ಧೈರ್ಯ ಯಾರಿಗಿದ್ದೀತು? ಅದೇ ವರ್ಷ ಸರ್ಕಾರ ನೇರವಾಗಿ ಯಜಮಾನರ ಕೈ ಕಟ್ಟಿತು: ಕಿಟಕಿಗೆ ಸರಳುಗಳಿದ್ದು ಬೀಗ ಹಾಕಿರಬೇಕು, ಯಜಮಾನರೋ ಮನೆಯ ದೊಡ್ಡವರೋ ಎದುರಿಗೆ ನಿಂತಿರಬೇಕು, ಇಲ್ಲದಿದ್ದರೆ ಹೊರಮೈ ಒರೆಸಲು ಹೇಳುವಂತಿಲ್ಲ. ಅಪ್ಪಣೆ ಕೊಡುವವರಿಗೆ ಮಿತಿ ಹಾಕಿದ ಮೇಲೆ ಮಾತ್ರ ಅಪ್ಪಣೆ ಪಾಲಿಸುವವಳು ಕಲಿತದ್ದಕ್ಕೆ ಅರ್ಥ ಬರುತ್ತದೆ. ವಾರದ ರಜೆಯ ವಿಷಯವೂ ಹೀಗೆಯೇ. ಸಿಂಗಪುರದಲ್ಲಿ, ಹಾಂಗ್‌ಕಾಂಗ್‌ನಲ್ಲಿ ಸಂಘ ಸಂಸ್ಥೆಗಳು, ಚರ್ಚುಗಳು ಈ ಹೆಂಗಸರಿಗೆ ವೃದ್ಧರ ಆರೈಕೆ, ಕಂಪ್ಯೂಟರ್, ಲೆಕ್ಕಪತ್ರ, ಹೊಲಿಗೆ ಕಲಿಸುವುದು ಭಾನುವಾರ. ಭಾನುವಾರ ಬಾಗಿಲು ದಾಟಲು ಬಿಡದ ಮನೆಯವಳಿಗೆ ಆ ತರಗತಿ ಇದ್ದೂ ಇಲ್ಲ. ವಾರಕ್ಕೊಂದು ರಜೆ ಎಂಬ ನಿಯಮ ಸಿಂಗಪುರಕ್ಕೆ ಬಂದದ್ದೇ 2013ರಲ್ಲಿ, ಅದೂ ರಜೆಯ ಬದಲು ಹಣ ಕೊಡಬಹುದು ಎಂಬ ಕಿಂಡಿಯೊಂದಿಗೆ. ತಿಂಗಳಲ್ಲಿ ಒಂದು ದಿನವಾದರೂ ಹಣದಾಸೆ ತೋರಿಸದೆ ರಜೆ ಕೊಡಲೇಬೇಕು ಎಂದಾಗಲು 2023 ಬರಬೇಕಾಯಿತು.

ತರಬೇತಿಯನ್ನು ಸಂಬಳಕ್ಕೆ ಗಂಟು ಹಾಕಲು ನಡೆದ ದೊಡ್ಡ ಪ್ರಯತ್ನ ಫಿಲಿಪ್ಪೀನ್ಸ್‌ನದು. 2006ರ ಜುಲೈಯಲ್ಲಿ ಲೆಬನಾನಿನ ಮೇಲೆ ಬಾಂಬು ಬಿದ್ದಾಗ ಅಲ್ಲಿನ ಮನೆಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಫಿಲಿಪಿನೊ ಹೆಂಗಸರನ್ನು ಸರ್ಕಾರ ವಾಪಸು ಕರೆತರಬೇಕಾಯಿತು. ಆಗಿನ ಅಧ್ಯಕ್ಷೆ ಗ್ಲೋರಿಯಾ ಅರೋಯೊ ಅವರಿಗೆಲ್ಲ ಪ್ರಥಮ ಚಿಕಿತ್ಸೆ, ಬೆಂಕಿ ಬಿದ್ದಾಗ ಪಾರಾಗುವ ಬಗೆ ಮುಂತಾದ್ದನ್ನು ಕಲಿಸಿ ‘ಸೂಪರ್‌ಮೇಡ್’ಗಳನ್ನಾಗಿ ಮಾಡುವುದಾಗಿ ಘೋಷಿಸಿದರು. ಆ ಹೆಸರು ತವರಿನಲ್ಲೇ ಹಲವರನ್ನು ನೋಯಿಸಿತು. ಆದರೆ ವರ್ಷದ ಕೊನೆಯಲ್ಲಿ ಬಂದ ನಿಯಮಗಳು ಗಟ್ಟಿಯಾಗಿದ್ದವು. ಕನಿಷ್ಠ ಸಂಬಳ ತಿಂಗಳಿಗೆ 200 ಡಾಲರಿನಿಂದ 400 ಡಾಲರಿಗೆ ಏರಿತು. ಕನಿಷ್ಠ ವಯಸ್ಸು 23. ಏಜೆಂಟರು ಕೆಲಸಗಾರ್ತಿಯಿಂದ ನೇಮಕಾತಿ ಶುಲ್ಕ ಪಡೆಯುವಂತಿಲ್ಲ. ಸರ್ಕಾರಿ ಪ್ರಮಾಣಪತ್ರವಿಲ್ಲದೆ, ಹೋಗುವ ನಾಡಿನ ಭಾಷೆ-ರೀತಿನೀತಿಯ ತರಗತಿ ಮುಗಿಸದೆ ಹೊರಡುವಂತಿಲ್ಲ. ಕಲಿಕೆ, ಸಂಬಳ, ಶುಲ್ಕ ಮೂರನ್ನೂ ಒಟ್ಟಿಗೆ ಹಿಡಿದದ್ದೇ ಇದರ ಜಾಣತನ. ಅದನ್ನು ದಾಟುವ ದಾರಿಗಳೂ ಬೇಗ ಹುಟ್ಟಿಕೊಂಡವು. ನೇಮಕಾತಿ ಶುಲ್ಕ ನಿಂತ ಕಡೆ ಅದೇ ಮೊತ್ತ ‘ತರಬೇತಿ ಶುಲ್ಕ’ವಾಗಿ ಮರಳಿತು. ಮನಿಲಾದಲ್ಲಿ 400 ಡಾಲರಿನ ಕರಾರಿಗೆ ಸಹಿ ಹಾಕಿದವಳ ಮುಂದೆ ಕೊಲ್ಲಿಯಲ್ಲಿ ಇಳಿದ ಮೇಲೆ ಅರ್ಧ ಸಂಬಳದ ಇನ್ನೊಂದು ಕಾಗದ ಇಟ್ಟರು. ಕಳಿಸುವ ದೇಶದ ಕಾನೂನು ವಿಮಾನ ನಿಲ್ದಾಣದವರೆಗೆ ಮಾತ್ರ ಜೊತೆಗೆ ಬರುತ್ತದೆ ಎಂಬುದು ಆಗ ಸ್ಪಷ್ಟವಾಯಿತು.

ಕಲಿಕೆಯ ಖರ್ಚು ಯಾರದ್ದು ಎಂಬ ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಇಂಡೊನೇಷ್ಯಾ-ಹಾಂಗ್‌ಕಾಂಗ್ ದಾರಿಯನ್ನು ಬಲ್ಲವರಿಗೆ ಅದು ಜೀವ ಹಿಂಡುವ ಪ್ರಶ್ನೆ. ಅಲ್ಲಿ ಬಹುಕಾಲ ತರಬೇತಿ ನಡೆಸಿದ್ದು ಖಾಸಗಿ ಏಜೆನ್ಸಿಗಳು. ಹಳ್ಳಿಯಿಂದ ಬಂದ ಹುಡುಗಿಯರನ್ನು ತಿಂಗಳುಗಟ್ಟಲೆ ಹಾಸ್ಟೆಲಿನಂಥ ಕೇಂದ್ರಗಳಲ್ಲಿ ಇರಿಸಿಕೊಳ್ಳುವುದು, ಗುರುತಿನ ಕಾಗದಪತ್ರ ಕಿತ್ತಿಟ್ಟುಕೊಳ್ಳುವುದು, ಹೊರಗೆ ಬಿಡದಿರುವುದು, ಊಟ-ವಸತಿ-ಪಾಠದ ಲೆಕ್ಕವನ್ನೆಲ್ಲ ಸಾಲವಾಗಿ ಬರೆದು ಮೊದಲ ಏಳು ತಿಂಗಳ ಸಂಬಳದಲ್ಲಿ ಮುರಿದುಕೊಳ್ಳುವುದು ನಡೆದುಬಂದ ಪದ್ಧತಿ ಎಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2013ರಲ್ಲಿ ವಿವರವಾಗಿ ದಾಖಲಿಸಿತು. ಹಾಂಗ್‌ಕಾಂಗ್ ಕಾನೂನಿನಂತೆ ಏಜೆನ್ಸಿ ಮೊದಲ ತಿಂಗಳ ಸಂಬಳದ ಶೇ 10ಕ್ಕಿಂತ ಹೆಚ್ಚು ಕಮಿಷನ್ ಪಡೆಯುವಂತಿಲ್ಲ; ಆದರೆ ‘ತರಬೇತಿ ಸಾಲ’ಕ್ಕೆ ಆ ಮಿತಿ ತಗಲುವುದಿಲ್ಲ ಎಂಬುದೇ ಏಜೆನ್ಸಿಗಳ ಕೈಚಳಕವಾಗಿತ್ತು. ಇದೇ ದಾರಿಯಲ್ಲಿ ಹಾಂಗ್‌ಕಾಂಗ್‌ನ ಮನೆಯೊಂದಕ್ಕೆ ಕೆಲಸಕ್ಕೆ ಹೋದ ಎರ್ವಿಯಾನಾ ಸುಲಿಸ್ತ್ಯನಿಂಗ್‌ಸಿಹ್ ಅವರ ಪ್ರಕರಣ ಜಗತ್ತಿಗೆ ಗೊತ್ತಾದದ್ದು 2014ರಲ್ಲಿ, ಹೊಡೆತಗಳಿಂದ ಜರ್ಜರಿತವಾದ ಮೈಯಲ್ಲಿ ಆಕೆ ಊರಿಗೆ ಮರಳಿದಾಗ. ಮನೆಯೊಡತಿಗೆ 2015ರಲ್ಲಿ ಆರು ವರ್ಷ ಜೈಲಾಯಿತು. ಆ ಸುದ್ದಿಯಲ್ಲಿ ಹೆಚ್ಚು ಜನ ಗಮನಿಸದ ಒಂದು ವಿವರವಿದೆ: ಆಕೆ ಮೊದಲ ತಿಂಗಳಲ್ಲೇ ಆ ಮನೆ ಬಿಟ್ಟು ಓಡಿ ಬಂದಿದ್ದರು. ಸಾಲ ತೀರಿಲ್ಲವೆಂದು ಏಜೆನ್ಸಿಯೇ ಅವರನ್ನು ವಾಪಸು ಕಳಿಸಿತು. ಕಲಿಸಿದ ಲೆಕ್ಕವೇ ಅವರನ್ನು ಹೊಡೆಯುವ ಮನೆಗೆ ಮರಳಿ ಕಟ್ಟಿಹಾಕಿತು. ಇಂಡೊನೇಷ್ಯಾ 2017ರ ಕಾಯ್ದೆಯಲ್ಲಿ ಕೆಲಸಗಾರರ ಮೇಲೆ ನೇಮಕಾತಿ ವೆಚ್ಚ ಹೇರಬಾರದು ಎಂದು ಬರೆಯಿತು. ಅದನ್ನು ಜಾರಿ ಮಾಡಹೊರಟಾಗ ಆ ಖರ್ಚನ್ನು ತಮ್ಮ ಯಜಮಾನರು ಹೊರಲಾರರೆಂದು ತೈವಾನ್ ತಕರಾರೆತ್ತಿತು.

ಇಲ್ಲಿ ಏಜೆಂಟರೂ ಕೆಲವು ಅಧಿಕಾರಿಗಳೂ ಎತ್ತುವ ಆಕ್ಷೇಪ ಹಗುರವಾದದ್ದಲ್ಲ. ತರಬೇತಿ ಜಾಸ್ತಿ ಮಾಡಿ, ಸಂಬಳ ಏರಿಸಿ, ಖರ್ಚು ಯಜಮಾನರಿಗೆ ಹೊರಿಸಿದರೆ ಅವರು ಇನ್ನೊಂದು ಬಡ ದೇಶದ ಬಾಗಿಲು ತಟ್ಟುತ್ತಾರೆ; ನಷ್ಟ ನಮ್ಮ ಹೆಂಗಸರಿಗೇ ಎನ್ನುತ್ತಾರೆ. ಇದಕ್ಕೆ ಸಾಕ್ಷಿಯೂ ಇದೆ. ಸೌದಿಯಲ್ಲಿ ಮನೆಗೆಲಸಕ್ಕಿದ್ದ ಇಂಡೊನೇಷ್ಯಾದ ರುಯಾತಿ ಎಂಬಾಕೆಯ ತಲೆ ಅಲ್ಲಿ ಕಡಿದ ಮೇಲೆ, 2011ರಲ್ಲಿ, ಆ ದೇಶ ಸೌದಿಗೆ ಮನೆಗೆಲಸದವರನ್ನು ಕಳಿಸುವುದನ್ನು ನಿಲ್ಲಿಸಿತು. 2015ರಲ್ಲಿ ಸೌದಿ ಬಾಂಗ್ಲಾದೇಶದೊಂದಿಗೆ ಒಪ್ಪಂದ ಮಾಡಿಕೊಂಡಿತು, ತಿಂಗಳಿಗೆ 800 ರಿಯಾಲಿಗೆ. ಅದು ಫಿಲಿಪ್ಪೀನ್ಸ್ ಕೇಳುತ್ತಿದ್ದ 400 ಡಾಲರಿನ ಅರ್ಧಕ್ಕಿಂತ ತುಸು ಹೆಚ್ಚು. ಮೂರೇ ವರ್ಷಗಳಲ್ಲಿ ಢಾಕಾ ವಿಮಾನ ನಿಲ್ದಾಣಕ್ಕೆ ಹೊಡೆತ ತಿಂದು, ಸಂಬಳವಿಲ್ಲದೆ ಮರಳಿದ ಹೆಂಗಸರ ಗುಂಪುಗಳು ಬರತೊಡಗಿದವು. ಆದರೆ ಕತೆಯ ಇನ್ನೊಂದು ಭಾಗ ಫಿಲಿಪ್ಪೀನ್ಸ್‌ನ ಅಂಕಿಗಳಲ್ಲಿದೆ. ಹೊಸದಾಗಿ ಮನೆಗೆಲಸಕ್ಕೆ ಹೋದವರು 2006ರಲ್ಲಿ ಸುಮಾರು 91 ಸಾವಿರ. ಸಂಬಳ ದುಪ್ಪಟ್ಟಾದ ಮರುವರ್ಷ ಅದು ಸುಮಾರು 48 ಸಾವಿರಕ್ಕೆ ಕುಸಿಯಿತು. ಆಗ ವಿರೋಧಿಗಳು ಗೆದ್ದಂತೆ ಕಂಡಿತು. 2010ರ ಹೊತ್ತಿಗೆ ಸಂಖ್ಯೆ 96 ಸಾವಿರ ದಾಟಿತ್ತು. ಮಗುವನ್ನು, ಮುದಿ ತಾಯಿಯನ್ನು ಒಪ್ಪಿಸುವ ಮನೆಗಳು ಅಗ್ಗದ ಕೈಯನ್ನಷ್ಟೇ ಹುಡುಕುವುದಿಲ್ಲ. ಇಂಗ್ಲಿಷ್ ಬಲ್ಲ, ತುರ್ತಿನಲ್ಲಿ ತಬ್ಬಿಬ್ಬಾಗದ ಕೈಯನ್ನೂ ಹುಡುಕುತ್ತವೆ. ಅದಕ್ಕೆ ಹೆಚ್ಚು ಕೊಡುತ್ತವೆ, ಕೊಡಲೇಬೇಕೆಂಬ ನಿಯಮವಿದ್ದರೆ. ಒಂದೊಂದೇ ದೇಶ ಪಟ್ಟು ಹಿಡಿದರೆ ಯಜಮಾನರು ನೆರೆಯ ದೇಶಕ್ಕೆ ಹೋಗುವುದು ನಿಜವಾದರೆ, ಅದರಿಂದ ಬರುವ ತೀರ್ಮಾನ ಕಳಿಸುವ ದೇಶಗಳು ಒಟ್ಟಾಗಿ ಪಟ್ಟು ಹಿಡಿಯಬೇಕು ಎಂಬುದೇ ಹೊರತು ಪಟ್ಟು ಬಿಡಬೇಕೆಂದಲ್ಲ. ಭಾರತ ಬಿಟ್ಟದ್ದುಂಟು. ಕೆಲಸಕ್ಕೆ ಕರೆಸಿಕೊಳ್ಳುವ ಯಜಮಾನರು 2,500 ಡಾಲರಿನ ಬ್ಯಾಂಕ್ ಖಾತರಿ ಇಡಬೇಕೆಂದು ನಾವು ಷರತ್ತು ಹಾಕಿದ್ದೆವು. ಕುವೈತ್ ಮುನಿಸಿಕೊಂಡು ನಮ್ಮ ಹೆಂಗಸರಿಗೆ ವೀಸಾ ನಿಲ್ಲಿಸಿತು. 2017ರಲ್ಲಿ ಆ ಷರತ್ತನ್ನು ಕೈಬಿಟ್ಟೆವು.

ಎದುರು ದಿಕ್ಕಿನಿಂದಲೂ ಒಂದು ಆಕ್ಷೇಪ ಬರುತ್ತದೆ, ಅದು ಕಾರ್ಮಿಕ ಹೋರಾಟಗಾರರದು. ತರಬೇತಿ ಎಂಬುದೇ ಕಣ್ಕಟ್ಟು, ತಲೆ ತಗ್ಗಿಸಿ ನಡೆಯಲು, ಎದುರು ಮಾತಾಡದಿರಲು ಪಳಗಿಸುವ ಶಾಲೆ ಎಂದು ಅವರು ಹೇಳುತ್ತಾರೆ. ಹಲವು ಕೇಂದ್ರಗಳ ಮಟ್ಟಿಗೆ ಇದು ನಿಜ. ‘ಮೇಡಂ ಬೈದರೂ ನಗುಮುಖದಲ್ಲಿರಿ’ ಎಂಬುದು ಪಾಠವಾದರೆ ಅದು ಹೊಡೆತಕ್ಕೆ ಮೈಯೊಡ್ಡುವ ಪಾಠ. ಆದರೂ ತರಬೇತಿಯನ್ನೇ ತೆಗೆದುಹಾಕಿ ಎಂಬ ಮಾತನ್ನು ನಾನು ಒಪ್ಪಲಾರೆ, ಯಾಕೆಂದರೆ ಕಲಿಕೆ ಮುಂದಿನ ಬಾಗಿಲು ತೆರೆದ ಉದಾಹರಣೆಯೂ ಕಣ್ಣ ಮುಂದಿದೆ. ಜಪಾನು ಆರ್ಥಿಕ ಒಪ್ಪಂದದಡಿ 2008ರಲ್ಲಿ ಇಂಡೊನೇಷ್ಯಾದಿಂದ, 2009ರಲ್ಲಿ ಫಿಲಿಪ್ಪೀನ್ಸ್‌ನಿಂದ, 2014ರಲ್ಲಿ ವಿಯೆಟ್ನಾಮಿನಿಂದ ನರ್ಸುಗಳನ್ನೂ ಆರೈಕೆಯ ಕೆಲಸಗಾರರನ್ನೂ ಕರೆಸಿಕೊಂಡಿತು. ಭಾಷೆ ಕಲಿಯಲು ತಿಂಗಳುಗಟ್ಟಲೆ ಸಮಯ, ವೃದ್ಧಾಲಯಗಳಲ್ಲಿ ಸಂಬಳದ ಕೆಲಸ, ಆಮೇಲೆ ಜಪಾನೀಯರೇ ಬರೆಯುವ ರಾಷ್ಟ್ರೀಯ ಪರೀಕ್ಷೆ. ಪಾಸಾದರೆ ಅಲ್ಲೇ ನೆಲೆಸಿ ದುಡಿಯಬಹುದು. ಆರಂಭ ದಯನೀಯವಾಗಿತ್ತು: 2009ರಲ್ಲಿ ನರ್ಸಿಂಗ್ ಪರೀಕ್ಷೆ ಬರೆದ 82 ವಿದೇಶಿಯರಲ್ಲಿ ಒಬ್ಬರೂ ಪಾಸಾಗಲಿಲ್ಲ, 2010ರಲ್ಲಿ 254ರಲ್ಲಿ ಮೂವರು. ತಮ್ಮ ಊರಿನಲ್ಲಿ ವರ್ಷಗಟ್ಟಲೆ ನರ್ಸಾಗಿದ್ದವರು ಸೋತದ್ದು ರೋಗಿಯ ಆರೈಕೆಯಲ್ಲಲ್ಲ, ಕ್ಲಿಷ್ಟ ಚೀನೀ ಮೂಲದ ಲಿಪಿಯಲ್ಲಿ ಅಚ್ಚಾದ ರೋಗದ ಹೆಸರುಗಳಲ್ಲಿ. ಟೀಕೆ ಬಂದಾಗ ಜಪಾನು ಪರೀಕ್ಷಾರ್ಥಿಗಳನ್ನು ಮಾತ್ರ ದೂರಲಿಲ್ಲ, ಪ್ರಶ್ನೆಪತ್ರಿಕೆಯನ್ನೂ ಬದಲಿಸಿತು. ಕಠಿಣ ಅಕ್ಷರಗಳ ಪಕ್ಕದಲ್ಲಿ ಉಚ್ಚಾರಣೆ ಕೊಟ್ಟಿತು, ಉತ್ತರಿಸಲು ಹೆಚ್ಚು ಹೊತ್ತು ಕೊಟ್ಟಿತು. ಆರೈಕೆ ವಿಭಾಗದಲ್ಲಿ 2012ರ ಮೊದಲ ಪರೀಕ್ಷೆಯಲ್ಲಿಯೇ 95ರಲ್ಲಿ 36 ಮಂದಿ ಪಾಸಾದರು. ಜಪಾನಿನ ಎಲ್ಲ ವಲಸೆ ಯೋಜನೆಗಳೂ ಹೀಗಿವೆ ಎಂದಲ್ಲ, ಅಲ್ಲಿಯೂ ಶೋಷಣೆಯ ದೂರುಗಳು ಬಹಳ. ಆದರೆ ಕಲಿತವಳಿಗೆ ನೆಲೆ, ಸಂಬಳ, ಬಡ್ತಿ ಮೂರೂ ಸಿಗುವಂತೆ ಕೋರ್ಸೊಂದನ್ನು ಕಟ್ಟಬಹುದು ಎಂಬುದಕ್ಕೆ ಇಷ್ಟು ಸಾಕು.

ನಮ್ಮ ದೇಶಕ್ಕೆ ಬಂದರೆ ನಾವು ನೆಚ್ಚಿಕೊಂಡಿರುವುದು ಕಲಿಸುವುದಕ್ಕಿಂತ ಹೆಚ್ಚಾಗಿ ತಡೆಯುವುದನ್ನು. 1983ರ ವಲಸೆ ಕಾಯ್ದೆಯಡಿ ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ಮುಂತಾದ ದೇಶಗಳಿಗೆ ದುಡಿಯಲು ಹೋಗಬೇಕಾದರೆ ಅನುಮತಿ ಬೇಕು. ಅಂಥ ಹೆಂಗಸರು ಮೂವತ್ತು ತುಂಬದೆ ಮನೆಗೆಲಸಕ್ಕೆ ಹೋಗುವಂತಿಲ್ಲ. 2016ರಿಂದ ಅವರ ನೇಮಕಾತಿ ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು. ಪ್ರವಾಸಿ ಕೌಶಲ ವಿಕಾಸ ಯೋಜನೆಯಲ್ಲಿ ಹೊರಡುವ ಮುಂಚೆ ಒಂದು ದಿನದ ಉಚಿತ ತಿಳಿವಳಿಕೆ ಶಿಬಿರವಿದೆ. ಉದ್ದೇಶ ಒಳ್ಳೆಯದೇ. ಆದರೆ ಬೇಲಿ ಎತ್ತರವಾದಷ್ಟೂ ದಲ್ಲಾಳಿಗಳು ಪಕ್ಕದ ದಾರಿ ತೋರಿಸುತ್ತಾರೆ. ಪ್ರವಾಸಿ ವೀಸಾದಲ್ಲಿ ದುಬೈಗೋ ಮಸ್ಕತ್ತಿಗೋ ಕರೆದೊಯ್ದು ಅಲ್ಲಿಂದ ಮನೆಗೆಲಸಕ್ಕೆ ದಾಟಿಸುತ್ತಾರೆ. ಹಾಗೆ ಹೋದವಳ ಹೆಸರು ಸರ್ಕಾರದ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಶಿಬಿರದ ಬಾಗಿಲನ್ನೂ ಅವಳು ಕಂಡಿರುವುದಿಲ್ಲ. ನೇಪಾಳದ ಅನುಭವವೂ ಇದೇ. 1998ರಲ್ಲಿ ಕುವೈತಿನಲ್ಲಿ ಮನೆಗೆಲಸಕ್ಕಿದ್ದ ಕನಿ ಶೇರ್ಪಾ ಎಂಬಾಕೆ ಸತ್ತ ಮೇಲೆ ನೇಪಾಳ ತನ್ನ ಹೆಂಗಸರು ಹಾಗೆ ಹೋಗುವುದಕ್ಕೆ ಮತ್ತೆ ಮತ್ತೆ ನಿಷೇಧ ಹೇರಿತು. ಹೆಂಗಸರು ದೆಹಲಿ, ಮುಂಬೈ ವಿಮಾನ ನಿಲ್ದಾಣಗಳ ಮೂಲಕ ಹೋಗುತ್ತಲೇ ಇದ್ದರು. ನಿಷೇಧದಿಂದ ಪ್ರಯಾಣ ನಿಲ್ಲುವುದಿಲ್ಲ. ತರಬೇತಿ ಹೆಚ್ಚು ಬೇಕಾಗಿರುವವಳಿಗೆ ಅದು ತಪ್ಪಿಹೋಗುತ್ತದೆ, ಅಷ್ಟೇ.

ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ. ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುವ ಭಾರತೀಯರಲ್ಲಿ ದಕ್ಷಿಣ ಕನ್ನಡ, ಉಡುಪಿಯ ಕೊಂಕಣಿ, ತುಳು, ಕನ್ನಡ ಮಾತಿನವರ ದೊಡ್ಡ ಪಾಲಿದೆ. 2023ರ ಅಕ್ಟೋಬರಿನಲ್ಲಿ ಅಲ್ಲಿ ಯುದ್ಧ ಸಿಡಿದಾಗ ಕರಾವಳಿಯ ಎಷ್ಟೋ ಮನೆಗಳು ಫೋನಿಗೆ ಕಿವಿಗೊಟ್ಟು ಕೂತಿದ್ದವು. ಅದೇ ವರ್ಷದ ಮೇ ತಿಂಗಳಲ್ಲಿ ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದದಂತೆ 42 ಸಾವಿರ ಭಾರತೀಯರಿಗೆ ಅಲ್ಲಿ ಕೆಲಸ ಸಿಗಬೇಕು, ಅದರಲ್ಲಿ 8 ಸಾವಿರ ಆರೈಕೆಯವು. ಮರುವರ್ಷ ಕೇರ್‌ಗಿವರ್‌ಗಳನ್ನು ಕರೆದಾಗ ಹತ್ತನೆಯ ತರಗತಿಯ ಜೊತೆಗೆ ಕನಿಷ್ಠ 990 ಗಂಟೆಗಳ ಪ್ರಾಯೋಗಿಕ ಕಲಿಕೆಯುಳ್ಳ ಕೋರ್ಸಿನ ಪ್ರಮಾಣಪತ್ರ ಕೇಳಿದರು. 990 ಗಂಟೆ ಎಂದರೆ ದಿನಕ್ಕೆ ಎಂಟು ಗಂಟೆಯಂತೆ ನಾಲ್ಕು ತಿಂಗಳಿಗೂ ಮೀರಿದ ದುಡಿಮೆ. ಅಷ್ಟು ಕಲಿತು ಹೋದವಳಿಗೆ ಅಲ್ಲೇನಿದೆ? ಕೆಲಸದ ವೇಳೆ ಮತ್ತು ವಿಶ್ರಾಂತಿಯ ಕಾಯ್ದೆ ಮನೆಯಲ್ಲೇ ತಂಗುವ ಆರೈಕೆದಾರರಿಗೆ ಅನ್ವಯಿಸುವುದಿಲ್ಲ ಎಂದು ಯೊಲಾಂಡಾ ಗ್ಲೂಟನ್ ಪ್ರಕರಣದಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಹೇಳಿತು, 2013ರಲ್ಲಿ ಅದನ್ನೇ ಎತ್ತಿಹಿಡಿಯಿತು. ರಾತ್ರಿ ನಾಲ್ಕು ಸಲ ಎದ್ದು ಮಗ್ಗುಲು ಬದಲಿಸಿದ್ದಕ್ಕೆ ಓವರ್‌ಟೈಮ್ ಕೇಳುವ ಹಕ್ಕು ಅವಳಿಗಿಲ್ಲ. ಕಲಿಕೆಯನ್ನು ಗಂಟೆಯಲ್ಲಿ ಅಳೆಯುವವರು ದುಡಿಮೆಯನ್ನು ಗಂಟೆಯಲ್ಲಿ ಅಳೆಯಲು ಒಪ್ಪುವುದಿಲ್ಲ. ಕೊಲ್ಲಿಯಲ್ಲಿ ಕುವೈತ್ 2015ರ ಕಾನೂನಿನಲ್ಲಿ ದಿನಕ್ಕೆ 12 ಗಂಟೆಯ ಮಿತಿ, ವಾರದ ರಜೆ ಬರೆದಿದೆ, ಕತಾರ್ 2017ರಲ್ಲಿ ಕಾನೂನು ತಂದಿದೆ. ಮನೆಯ ಬಾಗಿಲೊಳಗೆ ಅದನ್ನು ಜಾರಿ ಮಾಡುವವರು ಯಾರೆಂಬುದು ಬೇರೆ ಮಾತು. ಮನೆಗೆಲಸದವರ ಹಕ್ಕುಗಳ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಡಂಬಡಿಕೆ 189ಕ್ಕೆ 2011ರಲ್ಲಿ ಭಾರತ ಮತ ಹಾಕಿತು, ಇಂದಿಗೂ ಅದನ್ನು ಅನುಮೋದಿಸಿಲ್ಲ. ಫಿಲಿಪ್ಪೀನ್ಸ್ ಮರುವರ್ಷವೇ ಅನುಮೋದಿಸಿತು. ತನ್ನ ಮನೆಗಳಲ್ಲೇ ಒಪ್ಪದ ನಿಯಮವನ್ನು ಪರದೇಶದ ಮನೆಗಳಿಂದ ಕೇಳುವಾಗ ಮಾತಿಗೆ ತೂಕ ಬರುವುದು ಕಷ್ಟ.

ಹಾಗಾಗಿ ಕೊನೆಗೆ ನಮ್ಮದೇ ಮನೆಗಳ ಮಾತು. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2004ರಲ್ಲೇ. ಆ ದರ ಎಷ್ಟೆಂದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೇಳಿದರೆ ಹೇಳಬಲ್ಲವರು ವಿರಳ. ರಾಯಚೂರು, ಕಲಬುರಗಿಯಿಂದ, ಜಾರ್ಖಂಡ್, ಅಸ್ಸಾಮಿನಿಂದ ಬಂದು ಇಲ್ಲಿನ ಮನೆಗಳಲ್ಲಿ ಉಳಿದು ಮುದುಕರನ್ನು ನೋಡಿಕೊಳ್ಳುವ ಹೆಂಗಸರೂ ವಲಸೆಗಾರರೇ. ಅವರಿಗೂ ವಾರದ ರಜೆ ಯಜಮಾನರ ಮರ್ಜಿ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮನೆಗೆಲಸದವರಿಗಾಗಿ ಕಾನೂನಿನ ಅಗತ್ಯವನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಕಾನೂನು ಬರುವವರೆಗೆ ಕಾಯದೆ ರಾಜ್ಯ ಮಾಡಬಹುದಾದ ಕೆಲಸಗಳಿವೆ. ಆರೈಕೆಯ ಕೋರ್ಸನ್ನು ಮಂಗಳೂರು, ಉಡುಪಿ, ಕಲಬುರಗಿಯ ಸರ್ಕಾರಿ ಆಸ್ಪತ್ರೆಗಳಿಗೆ ಜೋಡಿಸಿ ಉಚಿತವಾಗಿ ನಡೆಸಬಹುದು, ಗೊಂಬೆಯ ಬದಲು ನಿಜವಾದ ವಾರ್ಡಿನಲ್ಲಿ ಕಲಿಯಲು ಬಿಡಬಹುದು. ಹೋದವರಿಗೂ ಇಲ್ಲೇ ಉಳಿದವರಿಗೂ ಅದು ಒಂದೇ ಪ್ರಮಾಣಪತ್ರವಾಗಿರಬೇಕು, ಆ ಪ್ರಮಾಣಪತ್ರವುಳ್ಳವರಿಗೆ ಕನಿಷ್ಠ ವೇತನದಲ್ಲಿ ಬೇರೆಯೇ ಮೇಲಿನ ದರ ಇರಬೇಕು. ಹತ್ತು ವರ್ಷ ಇಸ್ರೇಲಿನ ಹೈಫಾದಲ್ಲೋ ಕುವೈತಿನಲ್ಲೋ ದುಡಿದು ಮರಳಿದವರ ಅನುಭವವನ್ನು ಪರೀಕ್ಷಿಸಿ ಅವರನ್ನೇ ಆ ಕೋರ್ಸುಗಳಿಗೆ ಶಿಕ್ಷಕಿಯರನ್ನಾಗಿ ನೇಮಿಸಬೇಕು. ಅಲ್ಲಿನ ಮನೆ, ಭಾಷೆ, ದಲ್ಲಾಳಿಗಳ ಆಟ ಅವರಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿಲ್ಲ. ಮನೆಯಲ್ಲೇ ಉಳಿಯುವ ಆರೈಕೆದಾರರನ್ನು ಇಟ್ಟುಕೊಳ್ಳುವ ಕುಟುಂಬಗಳು ಏಜೆನ್ಸಿಗೆ ಹಣ ಕಟ್ಟುವ ಮುಂಚೆ ಒಂದು ತರಗತಿಯಲ್ಲಿ ಕೂರುವುದು ಕಡ್ಡಾಯವಾಗಲಿ: ರಾತ್ರಿ ಎಷ್ಟು ಹೊತ್ತು ನಿದ್ದೆ, ಎಲ್ಲಿ ಮಲಗುವುದು, ಯಾವ ಔಷಧಿ ಅವಳು ಕೊಡಬಹುದು, ಯಾವುದಕ್ಕೆ ನರ್ಸನ್ನೇ ಕರೆಸಬೇಕು, ಯಾವ ಭಾರ ಒಬ್ಬಳೇ ಎತ್ತುವಂತಿಲ್ಲ ಎಂಬುದನ್ನು ಅವಳೂ ಮನೆಯವರೂ ಒಟ್ಟಿಗೆ ಕೂತು ಕೇಳಿಸಿಕೊಳ್ಳಲಿ. ಪರದೇಶಕ್ಕೆ ಹೊರಟವಳಿಗೆ ಅವಳ ಕರಾರು ಕನ್ನಡದಲ್ಲಿ, ಸಂಬಳ, ರಜೆ, ಪಾಸ್‌ಪೋರ್ಟು ಯಾರ ಬಳಿ ಇರಬೇಕೆಂಬುದು ಸ್ಪಷ್ಟವಾಗಿ ಬರೆದು, ಕೋರ್ಸಿನ ಮೊದಲ ದಿನವೇ ಕೈಗೆ ಸಿಗಬೇಕು. ಅದನ್ನು ಓದಿ ಬೇಡವೆನಿಸಿದರೆ ಒಂದು ರೂಪಾಯಿಯ ಸಾಲವೂ ಇಲ್ಲದೆ ಅವಳು ಮನೆಗೆ ಹಿಂತಿರುಗುವಂತಿರಬೇಕು.